ಹುಸೇನಸಾಬರ ಗಿರಣಿಯಲ್ಲಿ ಮಾತ್ರ ಅಲ್ಲಾಡಿದ ಮುಳ್ಳಿಗೆ

ಬನ್ನಿಗಿಡದಹಾಳ, ಶಿರೂರು ಮಾರ್ಗ,
ಬಾಗಲಕೋಟೆ ತಾಲೂಕು, ಬಿಜಾಪುರ ಜಿಲ್ಲೆ
೮ ಎಪ್ರಿಲ್ ೧೯೮೪

ವಿದ್ಯುತ್ಕಾಂತ ಕ್ಷೇತ್ರಮಾಪಕ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಹತ್ತಿಯ ಹಾಸಿನ ಮೇಲೆ, ಗಾಜಿಗೆ ಒಂದು ಗೀರೂ ಬೀಳದಂತೆ ತಾವು ವಿಶ್ವವಿದ್ಯಾಲಯಕ್ಕೆ ಮರಳಿ ತಲುಪಿ, ಕಪಾಟಿನಲ್ಲಿ ಸುಖವಾಗಿ ವಿಶ್ರಮಿಸುತ್ತಿರುವಿರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ಊರ ಹಿಟ್ಟಿನ ಗಿರಣಿ ಮಾತ್ರ ಕ್ಷೇಮವಾಗಿಲ್ಲ, ಅದರ ಸಲುವಾಗಿಯೇ ಈ ತೊಂದರೆ ಕೊಡುತ್ತಿದ್ದೇನೆ.

ಯಂತ್ರಕ್ಕೆ ಪತ್ರ ಬರೆಯುವುದು ವಾಡಿಕೆಯಲ್ಲವೆಂದು ನನಗೆ ಗೊತ್ತಿದೆ. ತಮ್ಮನ್ನು ಕರೆತಂದ ವಿಭಾಗದ ಮುಖ್ಯಸ್ಥರಿಗೆ ಎರಡು ಪತ್ರ ಬರೆದೆ, ತಾಲೂಕು ಕಚೇರಿಗೆ ಒಂದು ಬರೆದೆ. ಉತ್ತರ ಬಂದಿಲ್ಲ. ಹುನಗುಂದ, ಬಾದಾಮಿ, ಇಳಕಲ್ಲಿನ ಟಪಾಲು ಕಚೇರಿಗಳಲ್ಲಿ ಮೂವತ್ತೊಂದು ವರ್ಷ ಇತರರ ಪತ್ರಗಳಿಗೆ ಮುದ್ರೆ ಒತ್ತಿ ನಿವೃತ್ತನಾದ ನಾನು, ಆ ಪತ್ರಗಳು ತಲುಪಿಲ್ಲವೆಂದು ಒಪ್ಪಲಾರೆ. ತಲುಪಿವೆ, ಮತ್ತು ಯಾರದೋ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ಆರಾಮಾಗಿವೆ. ಆದ್ದರಿಂದ, ಕಳೆದ ದೀಪಾವಳಿಯ ನಂತರ ನಮ್ಮೂರಿಗೆ ಬಂದವರ ಪೈಕಿ ಯಾರಿಂದಲೂ ಒಂದು ಲೋಟ ಮಜ್ಜಿಗೆಯನ್ನೂ ಸ್ವೀಕರಿಸದೆ, ಕಂಡದ್ದನ್ನು ಕಂಡಷ್ಟೇ ಹೇಳಿದ ತಮಗೆ, ಈ ವಾರಪತ್ರಿಕೆಯ ಸಂಪಾದಕರ ಔದಾರ್ಯದಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮೂರಿಗೆ ಸಂಶೋಧಕರು ಹೊಸಬರಲ್ಲ. ೧೯೫೮ರಲ್ಲಿ ಒಬ್ಬರು ಬಂದು ನಮ್ಮ ಬಾವಿಗಳ ಆಳ ಅಳೆದುಕೊಂಡು ಹೋದರು, ಹಗ್ಗವೂ ಅವರ ಜೊತೆಗೇ ಹೋಯಿತು. ೧೯೭೨ರಲ್ಲಿ ಇಬ್ಬರು ಬಂದು ಎತ್ತುಗಳ ಹಲ್ಲು ಎಣಿಸಿದರು, ಫಲಿತಾಂಶ ತಿಳಿಸುವುದಾಗಿ ಹೇಳಿದ್ದರು, ಆ ಎತ್ತುಗಳು ಕಾದು ಕಾದು ಕಾಲವಾದವು. ಆದರೆ ಒಂದೇ ಹೊಡೆತಕ್ಕೆ ನಮ್ಮ ಹೊಟ್ಟೆಯನ್ನೂ ನಮ್ಮ ಮನೆಯೊಳಗಿನ ಕಾಣದ ಶಕ್ತಿಯನ್ನೂ ಅಳೆಯಲು ಬಂದವರು ತಮ್ಮ ತಂಡದವರೇ ಮೊದಲು. ‘ಸಸ್ಯಮೂಲ ಆಹಾರದ ಪೋಷಕಾಂಶಗಳು ಹಾಗೂ ಗ್ರಾಮೀಣ ವಸತಿಗಳ ವಿದ್ಯುತ್ಕಾಂತ ಕ್ಷೇತ್ರ: ಒಂದು ಮಾದರಿ ಸಮೀಕ್ಷೆ’ ಎಂಬ ಹೆಸರನ್ನು ನಾನು ಮೂರು ಸಲ ಓದಿ, ಈ ಎರಡು ವಿಷಯಗಳಿಗೆ ಏನು ನಂಟು ಎಂದು ತಮ್ಮ ಜೊತೆ ಬಂದಿದ್ದ ತರುಣ ಸಂಶೋಧಕರನ್ನು ಕೇಳಿದೆ. ಅವರು ಸಂಕೋಚದಿಂದ, ಎರಡು ವಿಭಾಗಗಳಿಗೆ ಸೇರಿ ಒಂದೇ ಜೀಪು ಮಂಜೂರಾಗಿದೆ ಎಂದರು. ಜ್ಞಾನದ ಎರಡು ಶಾಖೆಗಳು ಇದಕ್ಕಿಂತ ಬಲವಾದ ಕಾರಣಕ್ಕೆ ಒಂದಾದದ್ದನ್ನು ನಾನು ಕೇಳಿಲ್ಲ.

ಮೊದಲು ಆಹಾರದ ಮಾತು. ಆ ತರುಣರು ಮೂವತ್ತೆಂಟು ಮನೆಗಳಲ್ಲಿ ಕುಳಿತು, “ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ತಾವು ಏನೇನು ಸೇವಿಸಿದಿರಿ?” ಎಂದು ತಮ್ಮ ಕಡೆಯ ಶುದ್ಧ ಭಾಷೆಯಲ್ಲಿ ಕೇಳಿದರು. ಹುಲ್ಲಪ್ಪನ ಮನೆಯಲ್ಲಿ ಅವನ ಹೆಂಡತಿ ಸಂಗವ್ವ ಹಿಂದಿನ ದಿನ ಉಂಡದ್ದು ಎರಡು ಹೊತ್ತೂ ಜೋಳದ ರೊಟ್ಟಿ, ಗುರೆಳ್ಳ ಹಿಂಡಿ, ಒಂದಿಷ್ಟು ಪುಂಡಿಪಲ್ಯ. ಆದರೆ ಪಡಸಾಲೆಯಲ್ಲಿ ಹೊಸ ಬೀಗರು ಕುಳಿತಿದ್ದರು. ಆಕೆ ಸೆರಗು ಸರಿಪಡಿಸಿಕೊಂಡು ಹೋಳಿಗೆ, ಹಾಲು, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ ಎಂದು ಬರೆಸಿದಳು. ಆಮೇಲೆ ನಾನು ಕೇಳಿದ್ದಕ್ಕೆ, “ಬೀಗರ ಮುಂದ ಹಿಂಡಿ ರೊಟ್ಟಿ ಅಂತ ಬರಸಲೇನ್ರಿ ಮಾಸ್ತರ? ನಾಳಿ ಆ ಹೊತಗಿ ಸರಕಾರದಾಗ ಓದತಾರ” ಎಂದಳು. ಉಳಿದ ಮನೆಗಳವರೂ ಆಕೆಗಿಂತ ಕಡಿಮೆ ಆಗಬಾರದೆಂದು ಬರೆಸಿದರು. ಬರೆಸಿದ ಮೇಲೆ ಸುಮ್ಮನಿರಲಾಗುತ್ತದೆಯೇ? ಬಂದವರಿಗೆ ಅದನ್ನೇ ಮಾಡಿ ಬಡಿಸಿದರು. ದಿನಕ್ಕೆ ಒಂಬತ್ತು ಮನೆಯ ಹೋಳಿಗೆ ಉಂಡ ತರುಣರು ಐದನೆಯ ದಿನ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಸಿಕೊಂಡರು. ಇಡೀ ಸಮೀಕ್ಷೆಯ ಪೌಷ್ಟಿಕಾಂಶದ ಅಂಕಿಗಳಲ್ಲಿ ನಿಜವಾದದ್ದು ಆ ತೂತೊಂದೇ.

ಇನ್ನು ತಮ್ಮ ಮಾತು. ತರುಣರು ತಮ್ಮನ್ನು ಎದೆಗವಚಿಕೊಂಡು, ಕೂಸನ್ನು ಎತ್ತಿಕೊಂಡವರಂತೆ, ಮನೆಮನೆಯ ನಡುಮನೆಯಲ್ಲಿ ನಿಲ್ಲಿಸಿದರು. ಮೂವತ್ತೇಳು ಮನೆಗಳಲ್ಲಿ ತಮ್ಮ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಮೂವತ್ತೆಂಟನೆಯದಾದ ಹುಸೇನಸಾಬರ ಗಿರಣಿಯ ಹೊಸ್ತಿಲು ದಾಟುತ್ತಲೇ ಅದು ಇನ್ನೊಂದು ತುದಿಗೆ ಹೋಗಿ ಬಡಿಯಿತು. ಮುಂದೆ, ಗಿರಣಿ ಬಿಟ್ಟು ಉಳಿದ ಪ್ರತಿ ಮನೆಯಿಂದ ಒಂದೊಂದು ಬಟ್ಟಲು ಜೋಳದ ಹಿಟ್ಟನ್ನು ಸಂಖ್ಯೆ ಬರೆದ ಚೀಲಗಳಲ್ಲಿ ಕಟ್ಟಿಕೊಂಡು ಹೋಗಿ ಪರೀಕ್ಷಿಸಿದಾಗ, ಎಲ್ಲ ಹಿಟ್ಟಿನಲ್ಲೂ ತಾಮ್ರ ಸಿಕ್ಕಿತು. ಇಪ್ಪತ್ಮೂರನೆಯ ಮಾದರಿಯಲ್ಲಂತೂ ಎಷ್ಟು ಸಿಕ್ಕಿತೆಂದರೆ, ಅದು ಅಳತೆಗೆ ಮೀರಿದ್ದೆಂದು ಲೆಕ್ಕದಿಂದ ಕೈಬಿಟ್ಟರು. ಎಲ್ಲ ಹಿಟ್ಟೂ ಬೀಸಿದ್ದು ಒಂದೇ ಗಿರಣಿಯಲ್ಲಿ, ಮುಳ್ಳು ಅಲ್ಲಾಡಿದ್ದೂ ಅಲ್ಲೊಂದೇ. ಎರಡನ್ನೂ ಕೂಡಿಸಿ, ಗಿರಣಿಯ ವಿದ್ಯುತ್ಕಾಂತ ಕ್ಷೇತ್ರವು ಜೋಳದಲ್ಲಿ ಲೋಹವನ್ನು ಸೇರಿಸುತ್ತಿದೆ, ಊರವರು ನಿತ್ಯ ಹೋಳಿಗೆ ಉಣ್ಣುವುದರಿಂದಲೇ ಇನ್ನೂ ಗಟ್ಟಿಯಾಗಿದ್ದಾರೆ, ಗಿರಣಿಯನ್ನು ಊರಿನಿಂದ ಒಂದು ಕಿಲೋಮೀಟರ್ ಆಚೆ ಇಡುವುದು ಲೇಸು ಎಂದು ವರದಿ ತೀರ್ಮಾನಿಸಿತು.

ವರದಿಯ ಪ್ರತಿ ಲಗತ್ತಿಸಿದ ತಾಲೂಕು ಕಚೇರಿಯ ನೋಟಿಸು ಮಾರ್ಚ್ ಹನ್ನೆರಡರಂದು ಹುಸೇನಸಾಬರ ಕೈಸೇರಿತು. ಅರವತ್ತು ದಿನದೊಳಗೆ ಗಿರಣಿ ಎತ್ತಬೇಕು. ಒಂದು ಕಿಲೋಮೀಟರ್ ಆಚೆ ಇರುವುದು ಬಂಡೆಗಲ್ಲು ಮತ್ತು ಜಾಲಿ, ಕಂಬ ಇಲ್ಲ, ತಂತಿ ಇಲ್ಲ. ಎತ್ತುವುದೆಂದರೆ ಮುಚ್ಚುವುದು. ಮುಚ್ಚಿದರೆ ಊರ ಹೆಂಗಸರು ಜೋಳ ಹೊತ್ತು ಶಿರೂರಿಗೆ ನಡೆಯಬೇಕು, ಇಪ್ಪತ್ತೆರಡು ವರ್ಷ ಆ ಕಲ್ಲಿನ ಮುಂದೆ ಕುಳಿತು ರೆಪ್ಪೆಯವರೆಗೆ ಬೆಳ್ಳಗಾದ ಹುಸೇನಸಾಬರು ಐವತ್ತೆಂಟನೆಯ ವಯಸ್ಸಿನಲ್ಲಿ ಬೇರೆ ಕಸುಬು ಹುಡುಕಬೇಕು.

ಮಾನ್ಯರೇ, ತಮ್ಮ ಮೇಲೆ ನನ್ನ ದೂರು ಇಷ್ಟೇ: ತಾವು ಸತ್ಯವನ್ನೇ ಹೇಳಿದಿರಿ. ಆ ದಿನಗಳಲ್ಲಿ ಮೂವತ್ತೇಳು ಮನೆಗಳಲ್ಲಿ ನಿಜಕ್ಕೂ ಕರೆಂಟು ಇರಲಿಲ್ಲ. ಯಾಕೆ ಇರಲಿಲ್ಲವೆಂದು ತಮ್ಮನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ತಮಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು.

ನಮ್ಮೂರ ಮನೆಗಳಿಗೆ ಮಂಜೂರಾಗಿರುವುದು ಒಂದೊಂದೇ ದೀಪ. ಆ ಒಂದು ದೀಪದ ತಂತಿಯಿಂದ ಹುಲ್ಲಪ್ಪನ ಮನೆಯಲ್ಲಿ ಫ್ಯಾನು, ಇನ್ನೊಬ್ಬರಲ್ಲಿ ಇಸ್ತ್ರಿ ಪೆಟ್ಟಿಗೆ, ಮತ್ತೊಬ್ಬರಲ್ಲಿ ಇಳಕಲ್ಲಿನ ಸೀರೆಯ ನೂಲು ಸುತ್ತುವ ಸಣ್ಣ ಮೋಟಾರು, ಹೀಗೆ ಒಂದು ಬಳ್ಳಿಗೆ ಕಾಯಿ ಬಿಟ್ಟಂತೆ ಬಿಟ್ಟಿವೆ. ಇಷ್ಟು ಭಾರಕ್ಕೆ ವಿದ್ಯುತ್ ಮಂಡಳಿಯ ಫ್ಯೂಜು ತಂತಿ ತಾಳುವುದಿಲ್ಲವೆಂದು ಎಲ್ಲರೂ ತಾಮ್ರದ ತಂತಿಯನ್ನೇ ನಾಲ್ಕೆಳೆ ಹೊಸೆದು ಸುತ್ತಿಕೊಂಡಿದ್ದಾರೆ. ಮಂಜೂರಾದಷ್ಟೇ ಬಳಸಿ, ಬಳಸಿದಷ್ಟಕ್ಕೂ ಮೀಟರು ಇಟ್ಟುಕೊಂಡವರು ಊರಲ್ಲಿ ಒಬ್ಬರೇ, ಹುಸೇನಸಾಬರು.

ತಾವು ಜೀಪಿನಿಂದ ಇಳಿದಾಗ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ನಾನು ತಮ್ಮ ಗಾಜು, ತಮ್ಮ ಮುಳ್ಳು, ತಮ್ಮ ಮೈಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದೆ. ಊರಲ್ಲಿ ಇಂಗ್ಲಿಷ್ ಓದಬಲ್ಲವರು ಕಡಿಮೆ. ಓದಿ, ತಿಳಿದವನ ಗಂಭೀರ ದನಿಯಲ್ಲಿ, “ಇದು ಕರೆಂಟ್ ಕಳವು ಹಿಡಿಯೂ ಮಷೀನು. ಹೆಸರಿಗೆ ಊಟದ ಲೆಕ್ಕ, ಒಳಗ ಬ್ಯಾರೇನ ಐತಿ” ಎಂದು ಹೇಳಿಬಿಟ್ಟೆ. ತಾವು ಮೊದಲನೆಯ ಮನೆ ಮುಟ್ಟುವಷ್ಟರಲ್ಲಿ ಮಾತು ಕೊನೆಯ ಮನೆ ಮುಟ್ಟಿತ್ತು. ಮೂವತ್ತೇಳು ಮನೆಗಳ ಫ್ಯೂಜು ಕಿತ್ತು ಬಂದವು. ಹಿಂದೊಮ್ಮೆ ತಪಾಸಣೆಗೆ ಬಂದವರು ಹಾಸಿಗೆ, ಟ್ರಂಕು, ದೇವರ ಜಗಲಿ ಎಲ್ಲ ಜಾಲಾಡಿದ್ದರೂ ಅಡುಗೆಮನೆಯ ಹಿಟ್ಟಿನ ಡಬ್ಬಿಗೆ ಕೈ ಹಾಕಿರಲಿಲ್ಲ. ಆದ್ದರಿಂದ ಎಲ್ಲ ಫ್ಯೂಜುಗಳೂ ಹಿಟ್ಟಿನ ಡಬ್ಬಿಗಳಿಗೆ ಹೋದವು. ಜಗತ್ತಿನಲ್ಲಿ ಹಿಟ್ಟನ್ನೇ ಕೇಳಿಕೊಂಡು ಬರುವ ತಪಾಸಣೆಯೂ ಇದೆಯೆಂದು ಯಾರು ಎಣಿಸಿದ್ದರು? ಬಟ್ಟಲು ಮುಳುಗಿಸಿದಲ್ಲೆಲ್ಲ ತಾಮ್ರದ ಎಳೆಯ ಚೂರುಗಳು ಜೊತೆಗೆ ಬಂದವು. ಆ ಹೊತ್ತಿನಲ್ಲಿ ಕರೆಂಟಿನ ಸಮೇತ ಬಾಗಿಲು ತೆರೆದಿದ್ದವರು, ಬಚ್ಚಿಡಲು ಏನೂ ಇಲ್ಲದ ಹುಸೇನಸಾಬರು ಮಾತ್ರ.

ನೋಟಿಸು ಬಂದ ಸಂಜೆ ನಾನು ಗಿರಣಿಗೆ ಹೋದೆ. ಅವರಿಗೆ ಎಲ್ಲ ಗೊತ್ತಿತ್ತು. ಫ್ಯೂಜಿನ ಸುದ್ದಿ ಹೇಳಿ ನಗದ ಹೆಂಗಸು ಆ ಗಿರಣಿಯ ಮುಂದೆ ಒಬ್ಬಳೂ ಇರಲಿಲ್ಲ. “ಕಚೇರಿಗೆ ಹೋಗಿ ಇದ್ದದ್ದ ಹೇಳ್ರಿ, ಹುಸೇನಸಾಬ” ಎಂದೆ. ಅವರು ಕಲ್ಲಿನ ಮೇಲಿನ ಹಿಟ್ಟು ಕೈಯಿಂದ ಒರೆಸುತ್ತ, “ಏನ್ ಹೇಳೂದ್ರಿ ಮಾಸ್ತರ? ಮೂವತ್ತೇಳು ಮನಿ ಹೆಸರ ಬರೀಬೇಕಾಗತೈತಿ. ಅವರ ಜ್ವಾಳಾ ಬೀಸಿ ನಾ ಉಂಡೀನಿ” ಎಂದರು. ಜೋಳ ತೂಗುತ್ತಿದ್ದ ಅವರ ಹೆಂಡತಿ ಮಕ್ತುಮಬಿ ಅಷ್ಟಕ್ಕೆ ಬಿಡಲಿಲ್ಲ: “ಊರಾಗ ಓದಿದವರು ಒಬ್ಬರ ಅದಾರ. ಇಬ್ಬರಿದ್ದಿದ್ರ ನಮ್ಮ ಮನಿ ಗ್ವಾಡಿನೂ ಉಳೀತಿರಲಿಲ್ಲ.” ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಷ್ಟು ಸರಿಯಾದ ವಿಳಾಸಕ್ಕೆ ತಲುಪಿದ ಮಾತನ್ನು ನಾನು ಕಂಡಿಲ್ಲ.

ಮನೆಗೆ ಬಂದು ನನ್ನ ಹೆಂಡತಿ ಗುರುಲಿಂಗವ್ವನಿಗೆ ಹೇಳಿದೆ. ಆಕೆ ಹೆಂಗಸರಿಗೆ ಹೇಳಿದಳು. ಮರುದಿನ, ಒಳಗೆ ಕಲ್ಲಿನ ಸದ್ದಿನಲ್ಲಿ ಹುಸೇನಸಾಬರಿಗೆ ಏನೂ ಕೇಳಿಸದ ಹೊತ್ತಿನಲ್ಲಿ, ಗಿರಣಿಯ ಮುಂದೆ ಜೋಳದ ಬುಟ್ಟಿಗಳ ಸಾಲಿನಲ್ಲಿಯೇ ಸಭೆ ಸೇರಿತು. ಗಂಡಸರು ಕೆಮ್ಮಿದರು. ದೀಪ ಕಿತ್ತುಕೊಂಡು ಹೋದರೆ ಏನು ಗತಿ ಎಂದು ಹುಲ್ಲಪ್ಪ ಕೇಳಿದ. ಸಂಗವ್ವ ಅವನ ಕಡೆ ತಿರುಗದೆಯೇ, “ದೀಪ ಹೋದ್ರ ಚಿಮಣಿ ಐತಿ. ಗಿರಣಿ ಹೋದ್ರ ಬೀಸೂ ಕಲ್ಲು ನೀ ತಿರವತಿಯೇನು?” ಎಂದಳು. ಹುಲ್ಲಪ್ಪ ತನ್ನ ಅಂಗೈ ನೋಡಿಕೊಂಡು, ಫ್ಯಾನು ಹೇಗೂ ಕಿರಕಿರ ಅನ್ನುತ್ತಿತ್ತು, ಹೋದರೆ ಹೋಗಲಿ ಎಂದ. ಅಲ್ಲಿಗೆ ತೀರ್ಮಾನವಾಯಿತು.

ಆದಕಾರಣ, ಮಾನ್ಯರೇ, ಬನ್ನಿಗಿಡದಹಾಳದ ಮೂವತ್ತೇಳು ಮನೆಗಳವರು ಕೆಳಗೆ ಸಹಿ ಮಾಡಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ಫ್ಯೂಜು ಬಚ್ಚಿಟ್ಟವರು ನಾವೇ, ತಾಮ್ರ ನಮ್ಮದೇ, ಗಿರಣಿಯದಲ್ಲ ಎಂದು ಒಪ್ಪಿಕೊಂಡಿದ್ದಾರೆ. ಇದೇ ತಿಂಗಳ ಇಪ್ಪತ್ಮೂರು, ಸೋಮವಾರ, ಮುಂಜಾನೆ ಹತ್ತಕ್ಕೆ ತಾವು ಮತ್ತೊಮ್ಮೆ ಚಿತ್ತೈಸಬೇಕು. ಫ್ಯೂಜುಗಳು ತಮ್ಮ ಜಾಗದಲ್ಲಿರುತ್ತವೆ. ಫ್ಯಾನು, ಇಸ್ತ್ರಿ, ಮೋಟಾರು, ರೇಡಿಯೊ ಎಲ್ಲ ನಡೆಯುತ್ತಿರುತ್ತವೆ. ತಮ್ಮ ಮುಳ್ಳಿಗೆ ಆ ದಿನ ಸೊನ್ನೆಯ ಮೇಲೆ ಕೂರಲು ಪುರುಸೊತ್ತು ಸಿಗದು. ಹಿಟ್ಟನ್ನೂ ಮತ್ತೆ ಒಯ್ಯಿರಿ, ಈ ಸಲ ಗಿರಣಿಯ ಬಾಯಿಂದ ನೇರವಾಗಿ.

ಕೆಲವು ಸಣ್ಣ ವಿನಂತಿಗಳಿವೆ. ಸಾಧ್ಯವಾದರೆ ತಾವೊಬ್ಬರೇ ಬರಬೇಕು, ಕಾಲಿಲ್ಲವೆಂಬ ನೆಪ ಬೇಡ, ನಮ್ಮ ಅರ್ಜಿಗಳು ಕಾಲಿಲ್ಲದೆಯೂ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇವೆ. ತರುಣ ಸಂಶೋಧಕರನ್ನು ಕರೆತರಲೇಬೇಕಿದ್ದರೆ, ಅವರಿಗೆ ಈ ಸಲ ನಾವು ನಿಜವಾಗಿ ಉಣ್ಣುವುದನ್ನೇ, ಅಂದರೆ ರೊಟ್ಟಿ ಮತ್ತು ಹಿಂಡಿಯನ್ನೇ ಬಡಿಸುತ್ತೇವೆ, ಬೆಲ್ಟು ಹಳೆಯ ತೂತಿಗೆ ಮರಳುವುದು. ಆ ಸೋಮವಾರ ಹತ್ತರಿಂದ ಹನ್ನೆರಡರವರೆಗೆ ಊರಿಗೆ ಕರೆಂಟು ಇರುವಂತೆ ತಾವೇ ಮೇಲಿನವರ ಮನವೊಲಿಸಬೇಕು. ಇದು ತಮ್ಮಿಂದಲೂ ಆಗದಿದ್ದರೆ ಇನ್ನು ಯಾರಿಂದಲೂ ಆಗದು. ಕೊನೆಯದಾಗಿ, ಹೆಚ್ಚಿನ ದೀಪಕ್ಕೆ ನಾವು ೧೯೮೧ರಿಂದ ಕೊಟ್ಟ ಮೂವತ್ತೇಳು ಅರ್ಜಿಗಳು ಒಂದು ಕಪಾಟಿನಲ್ಲಿವೆ. ದಾರಿಯಲ್ಲಿ ಅಲ್ಲೊಂದು ಗಳಿಗೆ ನಿಂತು, ಆ ಕಪಾಟಿನ ಸುತ್ತ ಯಾವುದೇ ಬಗೆಯ ಚಲನೆ ಇದೆಯೇ ಎಂದು ಮುಳ್ಳು ಹಿಡಿದು ನೋಡಬೇಕು.

ಹುಸೇನಸಾಬರಿಗೆ ಈ ಪತ್ರದ ವಿಷಯ ತಿಳಿಸಿಲ್ಲ. ತಿಳಿಸಿದ್ದರೆ ಬೇಡ ಅನ್ನುತ್ತಿದ್ದರು.

ತಮ್ಮ ಮುಳ್ಳಿನ ಮೇಲೆ ಇನ್ನೂ ವಿಶ್ವಾಸವಿಟ್ಟಿರುವ,
ತಮ್ಮ ವಿಶ್ವಾಸಿ,
ಶಂಕ್ರಪ್ಪ ಮೇಟಿ
ನಿವೃತ್ತ ಟಪಾಲು ಮಾಸ್ತರ, ಹಾಗೂ ಮೂವತ್ತಾರು ಮನೆಗಳವರು

ತಾ.ಕ.: ಅಳತೆಗೆ ಮೀರಿದ್ದೆಂದು ಕೈಬಿಟ್ಟ ಇಪ್ಪತ್ಮೂರನೆಯ ಮಾದರಿ ನನ್ನ ಮನೆಯದು. ಉಳಿದವರ ಹಿಟ್ಟಿನಲ್ಲಿ ಚೂರು ಹೋದವು, ನನ್ನ ಹಿಟ್ಟಿನಲ್ಲಿ ಪಿಂಗಾಣಿಯ ಹಿಡಿಕೆ ಸಮೇತ ಇಡೀ ಫ್ಯೂಜೇ ಹೋಗಿದೆ. ನಾನು ಊರಲ್ಲಿ ಓದಿದವನೆನಿಸಿಕೊಂಡದ್ದೆಲ್ಲ ಮಂಜೂರಾಗದ ಎರಡನೆಯ ದೀಪದ ಕೆಳಗೆ ಓದಿದ್ದು. ನವೆಂಬರಿನಿಂದ ಅದು ಹೊತ್ತಿಲ್ಲ. ಇನ್ನೊಂದು ಫ್ಯೂಜು ಕೊಳ್ಳಬಹುದಲ್ಲ ಎಂದರೆ ಗುರುಲಿಂಗವ್ವ, “ಬ್ಯಾಡ, ಓದಿದ್ದು ಸಾಕು” ಅನ್ನುತ್ತಾಳೆ. ದಯವಿಟ್ಟು ಸೋಮವಾರ ಬರುವಾಗ ಆ ಫ್ಯೂಜನ್ನು ಜೊತೆಗೆ ತನ್ನಿರಿ. ಇಲ್ಲದಿದ್ದರೆ ಉಳಿದ ಮೂವತ್ತಾರೂ ಮನೆಗಳಲ್ಲಿ ತಮ್ಮ ಮುಳ್ಳು ಏಳುತ್ತದೆ, ಇದನ್ನೆಲ್ಲ ಶುರುಮಾಡಿದವನ ಮನೆಯೊಂದರಲ್ಲಿ ಮಾತ್ರ ಸೊನ್ನೆ ತೋರಿಸಿ, ಊರಿಗೆಲ್ಲ ನಾನೇ ಪ್ರಾಮಾಣಿಕನೆಂದು ವರದಿಯಾಗುತ್ತದೆ.