ಗಾಲಿ ಕಟ್ಟಿದ ಗೋಡೆಗಳು

ಕಂಚುಕಂಠರಿಗೆ ಬೆಳಗ್ಗೆ ಎಂಟಕ್ಕೆ ಬಂದ ಸಂದೇಶದಲ್ಲಿ ಇದ್ದದ್ದು ಮೂರೇ ಸಾಲು. "ನಿಮ್ಮ ಓದು ತಲುಪಿತು. ಕೋಣೆಯ ತುಂಬ ಮಾರ್ದನಿ, ಬಾವಿಯೊಳಗೆ ಇಳಿದು ಓದಿದ ಹಾಗಿದೆ. ಇಂದು ಸಂಜೆ ಐದರೊಳಗೆ ಶುದ್ಧವಾದ ಇನ್ನೊಂದು ಮಾದರಿ ಕಳಿಸಿದರೆ ನೋಡೋಣ."

ಕಂಚುಕಂಠ ಎಂಬುದು ಬೀದಿಯವರು ಇಟ್ಟ ಹೆಸರು. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಷ್ಟು ತಡ ಎಂದು ಇಪ್ಪತ್ತೆರಡು ವರ್ಷದಿಂದ ಸಾರುತ್ತಿದ್ದವರು ಅವರೇ. ಮುಂದಿನ ತಿಂಗಳಿಂದ ಆ ಕೆಲಸಕ್ಕೆ ಯಂತ್ರ, ಇವರಿಗೆ ಟಿಕೆಟ್ ಕಿಟಕಿ ಎಂದು ಆದೇಶವಾಗಿತ್ತು. ಇಂಥ ಗಂಟಲನ್ನು ಗಾಜಿನ ಹಿಂದೆ ಕೂರಿಸುವುದೇ? ಕಾದಂಬರಿಗಳನ್ನು ಓದಿಸಿ ಕೇಳುಗರಿಗೆ ತಲುಪಿಸುವ ಕಂಪನಿಯೊಂದಕ್ಕೆ ಅವರು ಅರ್ಜಿಯ ಜೊತೆ ಓದಿನ ಮಾದರಿಯನ್ನೂ ಕಳಿಸಿದ್ದರು; ಮನೆಯ ಹಿಂದಿನ ಕೋಣೆಯನ್ನು ಸ್ಟುಡಿಯೊ ಎಂದು ಕರೆಯತೊಡಗಿದ್ದರು. ಸ್ಟುಡಿಯೊದಲ್ಲಿದ್ದದ್ದು ಒಂದು ಮೈಕು, ಒಂದು ಕುರ್ಚಿ, ನಾಲ್ಕು ಬೋಳು ಗೋಡೆ.

"ಇದೇನು ಮಹಾ ವಿದ್ಯೆ!" ಎಂದರು ಅತ್ತೆಯ ಮುಂದೆ. "ಮರದ ಚೌಕಟ್ಟು, ಒಳಗೆ ಸದ್ದು ಹೀರೋ ಗಾಜಿನ ಉಣ್ಣೆ, ಮೇಲೊಂದು ಬಟ್ಟೆ, ಕೆಳಗೆ ಗಾಲಿ. ಬೇಕಾದಾಗ ಎಳ್ಕೊಳ್ಳೋದು, ಬೇಡ ಅಂದ್ರೆ ಮೂಲೆಗೆ ತಳ್ಳೋದು. ಊಟದ ಹೊತ್ತಿಗೆ ನಾಲ್ಕು ಪ್ಯಾನೆಲ್ ನಿಂತಿರುತ್ತೆ ನೋಡಿ."

"ನಿಮ್ಮ ಕೈಲಾ?" ಎಂದರು ಅತ್ತೆ. "ಹೋದ ವರ್ಷ ಕನ್ನಡಿಗೆ ಅಂತ ಒಂದು ಮೊಳೆ ಹೊಡೆದ್ರಿ. ಪಕ್ಕದ ಮನೆಯವರು ಅದಕ್ಕೆ ಟವೆಲ್ ನೇತು ಹಾಕ್ಕೊಂಡಿದ್ರು."

ಪಕ್ಕದ ಮನೆಯವರೆಂದರೆ ನಿವೃತ್ತ ಬಡಗಿ. ಇಲ್ಲಿ ಗರಗಸ ಎರಡು ಸಲ ಉಸಿರೆಳೆದದ್ದೇ ತಡ, ಬೆಲ್ಲಕ್ಕೆ ಇರುವೆ ಬಂದ ಹಾಗೆ ಬಾಗಿಲಲ್ಲಿ ಹಾಜರು.

"ಗರಗಸ ಅಳೋದು ಕೇಳಿಸ್ತು. ಯಾರು ಹೊಡೀತಿದಾರೆ ಅಂತ ನೋಡೋಕೆ ಬಂದೆ."

"ಸಹಾಯ ಏನೂ ಬೇಡ."

"ಮಾಡ್ತೀನಿ ಅಂದೆನಾ? ನೋಡ್ತೀನಿ ಅಂದೆ." ಬಡಗಿ ಕುರ್ಚಿ ಎಳೆದುಕೊಂಡು ಕೂತರು.

ಅವರು ನೋಡುತ್ತಲೇ ಇದ್ದರು. ಮೂರು ಚೌಕಟ್ಟು ಒಂದು ಎತ್ತರ, ನಾಲ್ಕನೆಯದು ಗೇಣು ಗಿಡ್ಡ. ಉಣ್ಣೆ ತುಂಬುವಾಗ ಅದರ ನವುರು ಎಳೆಗಳು ಅಂಗಿಯೊಳಗೆ ಇಳಿದು, ಕಂಚುಕಂಠರು ಕಂಬಕ್ಕೆ ಬೆನ್ನುಜ್ಜುವ ಎಮ್ಮೆಯಂತೆ ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕಿಕೊಂಡರು. ಬಟ್ಟೆಗೆ ಪಿನ್ನು ಹೊಡೆದು ಏಳಹೋದರೆ ಪ್ಯಾನೆಲ್ ಕೂಡ ಜೊತೆಗೇ ಎದ್ದಿತು. ಪಿನ್ನು ಅಂಗಿಯ ತೋಳನ್ನೂ ಹಿಡಿದಿತ್ತು.

"ಜೋಡಣೆ ಗಟ್ಟಿಯಾಗಿದೆ," ಎಂದರು ಬಡಗಿ.

ಮೂರು ಪ್ಯಾನೆಲ್ ಮುಗಿಯುವಷ್ಟರಲ್ಲಿ ಬಟ್ಟೆ ಮುಗಿಯಿತು. ಅಂಗಡಿಗೆ ಹೋಗಿ ಬರಲು ಹೊತ್ತಿರಲಿಲ್ಲ. ಒಳಗಿನ ಮಂಚದ ಮೇಲೆ ಹಳದಿ ಹೂವಿನ ಹೊದಿಕೆಯೊಂದು ಕಣ್ಣಿಗೆ ಬಿತ್ತು. ಹತ್ತು ನಿಮಿಷದ ಮೇಲೆ ಅತ್ತೆ ಬಂದು ನಾಲ್ಕನೆಯ ಪ್ಯಾನೆಲ್ ಮುಂದೆ ನಿಂತರು.

"ಅಳಿಯಂದ್ರೇ, ನಾನು ಇವತ್ತು ರಾತ್ರಿ ಇದನ್ನ ಹೊದ್ಕೊಳ್ಳೋದು ಹೇಗೆ? ನಿಂತ್ಕೊಂಡಾ?"

"ಕಲೆಗೋಸ್ಕರ, ಅತ್ತೆ! ಹೊಸದು ತಂದ್ಕೊಡ್ತೀನಿ."

ಗಾಲಿಗಳು ಸೊಗಸಾಗಿ ಕೂತವು. ಅದೇ ಫಜೀತಿಯಾದದ್ದು. ಕೋಣೆಯ ನೆಲ ನಡುವಿನ ಕಡೆಗೆ ಒಂದಿಷ್ಟು ಇಳಿಜಾರು ಎಂದು ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ. ಗಾಲಿಗಳಿಗೆ ಒಂದೇ ಕ್ಷಣದಲ್ಲಿ ತಿಳಿಯಿತು. ಕಂಚುಕಂಠರು ಮೈಕಿನ ಮುಂದೆ ಕೂತು ಬಾಯಿ ತೆರೆದರೆ, ನಾಲ್ಕೂ ಪ್ಯಾನೆಲ್‌ಗಳು ಸಾಲ ಕೇಳಲು ಬಂದ ನೆಂಟರ ಹಾಗೆ ಮೆಲ್ಲಗೆ ಹತ್ತಿರ ಹತ್ತಿರ ಸರಿದು ಬಂದವು. ಗಂಟೆ ನಾಲ್ಕೂವರೆ.

"ಹಿಡ್ಕೊಳ್ಳಲಾ?" ಎಂದರು ಬಡಗಿ, ಅಯ್ಯೋ ಅನಿಸಿ. ಬಲಗಡೆಯ ಎರಡು ಅವರು ಹಿಡಿದರು, ಎಡಗಡೆಯ ಎರಡು ಅತ್ತೆ. ಕಂಚುಕಂಠರು ಒಮ್ಮೆ ಚಪ್ಪಾಳೆ ತಟ್ಟಿ ಕಿವಿಗೊಟ್ಟರು. ಮಾರ್ದನಿಯ ಸುಳಿವೇ ಇಲ್ಲ! ಸದ್ದು ಹುಟ್ಟಿದಲ್ಲೇ ಸತ್ತಿತು.

"ಗೆದ್ದೆ!" ಎಂದು ಅವರು ಓದತೊಡಗಿದರು. ಹನ್ನೆರಡು ವರ್ಷ ಎಲ್ಲೋ ಅಲೆದು ಮರಳಿದ ಗಂಡನಿಗೆ ಹೆಂಡತಿ ಬಾಗಿಲು ತೆರೆಯುವ ಪ್ರಸಂಗ. ಕೊನೆಯ ಸಾಲಿನಲ್ಲಿ ಅವರ ಗಂಟಲು ಮೂರು ಪ್ಲಾಟ್‌ಫಾರಂ ದಾಟುವಂತೆ ಏರಿತು: "ಬಂದೆಯಾ? ಚಪ್ಪಲಿ ಹೊರಗೆ ಬಿಡು!"

"ಅಯ್ಯೋ, ಹಾಗಲ್ಲ ಅಳಿಯಂದ್ರೇ," ಪ್ಯಾನೆಲ್ ಹಿಂದಿನಿಂದ ಅತ್ತೆಯ ದನಿ ಬಂತು. "ಅಷ್ಟು ವರ್ಷ ಕಾದ ಹೆಂಗಸು ಕೂಗಲ್ಲ. ದನಿ ಇಳಿಸ್ತಾಳೆ." ಎಂದವರೇ ಆ ಸಾಲನ್ನು ಮೆಲ್ಲಗೆ ಹೇಳಿದರು. "ಬಂದೆಯಾ... ಚಪ್ಪಲಿ ಹೊರಗೆ ಬಿಡು."

ಆ ದನಿಗೆ ಬಡಗಿಯ ಹಿಡಿತ ಸಡಿಲಗೊಂಡು ಒಂದು ಪ್ಯಾನೆಲ್ ಉರುಳಿ ಬಂದು ಕಂಚುಕಂಠರ ಮೊಣಕಾಲಿಗೆ ಬಡಿಯಿತು. ಗಂಟೆ ಐದಕ್ಕೆ ನಾಲ್ಕು ನಿಮಿಷ. ಮತ್ತೆ ಓದಲು, ಅತ್ತೆಯ ಮಾತು ಕತ್ತರಿಸಲು ಹೊತ್ತಿಲ್ಲ.

"ಪರವಾಗಿಲ್ಲ. ಅವರಿಗೆ ಬೇಕಾದ್ದು ಮಾರ್ದನಿ ಹೋಗಿದೆಯಾ ಅಂತ," ಎಂದು ಹಾಗೇ ಕಳಿಸಿಬಿಟ್ಟರು.

ಐದೂವರೆಗೆ ಫೋನು. ಕಂಪನಿಯ ಮೇಲಧಿಕಾರಿ, ಹೆಂಗಸು. ಬಡಗಿಯೂ ಕೇಳಲಿ ಎಂದು ಕಂಚುಕಂಠರು ಸ್ಪೀಕರ್ ಒತ್ತಿದರು.

"ಸರ್, ಮಾರ್ದನಿ ಸೊನ್ನೆ! ಯಾರು ಮಾಡಿದ್ದು ಕೋಣೆ?"

"ನಾನೇ! ನನ್ನ ಕೈಯಾರೆ!"

"ಬಹಳ ಚೆನ್ನಾಗಿದೆ. ಮೊದಲ ಸಲ ಆ ಗದ್ದಲದಲ್ಲಿ ನಿಮ್ಮ ಓದು ಹೇಗಿದೆ ಅಂತ ಗೊತ್ತಾಗಿರಲಿಲ್ಲ. ಈಗ ಸ್ಪಷ್ಟವಾಗಿ ಗೊತ್ತಾಯ್ತು." ಆಕೆ ಮುಂದುವರಿಸಿದರು. "ಕೊನೇಲಿ ಒಂದು ಸಾಲು ಹೇಳಿದ್ರಲ್ಲ, ಆ ಅಮ್ಮ ಯಾರು ಸರ್? ಪೂರ್ತಿ ಕಾದಂಬರಿ ಅವರೇ ಓದ್ತಾರಾ, ಕೇಳಿ ಹೇಳ್ತೀರಾ?"

ಬಡಗಿ ಚಾವಣಿ ನೋಡಿದರು. ಕಂಚುಕಂಠರು ಮೊಣಕಾಲು ಉಜ್ಜಿಕೊಳ್ಳುತ್ತ ಫೋನನ್ನು ಅತ್ತೆಯ ಕಡೆಗೆ ಸರಿಸಿದರು. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಫೋನಿನತ್ತ ಬಾಗಿದರು. "ಓದ್ತೀನಮ್ಮ. ಆದ್ರೆ ನಾನು ನಿಧಾನ."

"ನಿಧಾನವೇ ಬೇಕು, ಅಮ್ಮ! ಮೊದಲ ಅಧ್ಯಾಯ ಇವತ್ತೇ ಕಳಿಸಿ."

ಆರು ಗಂಟೆಗೆ ಅತ್ತೆ ಮೈಕಿನ ಮುಂದೆ ಕೂತು ಪುಟ ತಿರುವಿದರು. ಬಲಗಡೆಯ ಪ್ಯಾನೆಲ್‌ಗಳಿಗೆ ಬಡಗಿ, ಎಡಗಡೆಯವಕ್ಕೆ ಕಂಚುಕಂಠರು. ಮೈಯೆಲ್ಲ ತುರಿಸುತ್ತಿತ್ತು, ಎರಡೂ ಕೈಗೆ ಬಿಡುವಿರಲಿಲ್ಲ. ಮೊದಲ ವಾಕ್ಯದ ನಡುವೆಯೇ ಅತ್ತೆ ನಿಲ್ಲಿಸಿ ಹಿಂದೆ ತಿರುಗಿದರು.

"ಅಳಿಯಂದ್ರೇ, ಸ್ವಲ್ಪ ಉಸಿರು ಹಿಡ್ಕೊಂಡಿರಿ. ಮೈಕಿಗೆ ಕೇಳಿಸ್ತಿದೆ."