ಒಂದು ಟ್ರಿಪ್ ಫ್ರೀ

ಬ್ಯಾಂಕಿನವರೆಗೆ ತಾನೇ, ಏನಾದೀತು ಎಂದು ಅಳಿಯ ಮಾವನ ಕಾರನ್ನು ಕೇಳದೆ ಒಯ್ದ. ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದ. ಗ್ರಹಚಾರ ನೋಡಿ, ಹಿಂದಕ್ಕೆ ಬಂದ ಶವವಾಹನವೊಂದು ಅದರ ಮೂತಿಯನ್ನು ಜಜ್ಜಿಹಾಕಿತು.

"ಗೀರು ಬಿದ್ರೂ ಗಂಟುಮೂಟೆ ಕಟ್ಟು" ಎಂದು ಮಾವ ಮೊದಲೇ ಹೇಳಿದ್ದರು. ಪಾಪದ ಮನೆಅಳಿಯನಿಗೆ ಬೇರೆ ಸೂರಿಲ್ಲ. ಪರಊರಿಗೆ ಹೋಗಿದ್ದ ಮಾವ ಹಿಂತಿರುಗುವುದು ಅಂದೇ ಸಂಜೆ.

ಎದುರಿನ ಗ್ಯಾರೇಜಿನವನು ಕಾರನ್ನು ಒಳಗೆ ತಳ್ಳಿಸಿಕೊಂಡು, "ಮೊದ್ಲು ದುಡ್ಡು, ಆಮೇಲೆ ಕೆಲಸ" ಎಂದ. ಅಳಿಯ ಶವವಾಹನದ ಚಾಲಕನನ್ನು ಹಿಡಿದುಕೊಂಡ.

"ತಪ್ಪು ನಂದೇ ಸಾರ್," ಚಾಲಕ ಧಾರಾಳವಾಗಿ ಒಪ್ಪಿದ. "ದುಡ್ಡು ಮಾತ್ರ ಕೇಳ್ಬೇಡಿ. ನಿಮ್ಮನೇಲಿ ಯಾರಾದ್ರೂ ಹೋದ್ರೆ ಹೇಳಿ, ಒಂದು ಟ್ರಿಪ್ ಫ್ರೀ."

"ನಮ್ಮನೇಲಿ ಯಾರೂ ಹೋಗಲ್ಲ!"

"ಎಲ್ರೂ ಹಾಗೇ ಅಂದ್ಕೊಂಡಿರ್ತಾರೆ."

ಕೇಳದ ಸಲಹೆಗೆ ಎಲ್ಲೂ ಬರವಿಲ್ಲ. ಪಕ್ಕದ ಮನೆಯ ಗುಮಾಸ್ತ ಅಲ್ಲೂ ಪ್ರತ್ಯಕ್ಷನಾದ. "ಅವನ ಗಾಡಿ ಹತ್ತಿ ಕೂತ್ಬಿಡಿ. ದುಡ್ಡು ಕೊಡೋವರೆಗೂ ಇಳೀಬೇಡಿ" ಎಂದು ಹುರಿದುಂಬಿಸಿ, ತಾನು ಮನೆಗೆ ಹೋದ.

ಅಳಿಯನಿಗೆ ಸಿಕ್ಕಿದ್ದು ಹಿಂದೆ, ಹೆಣದ ಪಕ್ಕದ ಜಾಗ. ಮುಂದಿನ ಗತಿ ನೆನೆದು ಅವನಿಗೆ ಅಳುವೇ ಬಂತು. ಸತ್ತವರ ಮಗಳು ಬೆನ್ನು ಸವರಿ, "ನೀವು ಅಮ್ಮನಿಗೆ ಏನಾಗ್ಬೇಕು?" ಎಂದಳು.

"ನಾನು ಕಾರಿನ ಕಡೆಯವನು" ಎಂದ.

ಸ್ಮಶಾನದಲ್ಲಿ ಹೆಗಲೂ ಕೊಟ್ಟ. ಆದರೂ ಗಾಡಿ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಚಾಲಕನಿಗೇ ಸಾಕಾಯಿತು. "ನಡೀರಿ, ನಿಮ್ಮ ಮಾವನ ಹತ್ರ ನಾನೇ ತಪ್ಪೊಪ್ಕೋತೀನಿ" ಎಂದ. ಅಳಿಯನಿಗೆ ಹೋದ ಜೀವ ಬಂದಂತಾಯಿತು.

ಮನೆ ಮುಂದೆ ಶವವಾಹನ ನಿಂತಿದ್ದೇ ತಡ, ಬೀದಿಗೆ ಬೀದಿಯೇ ಸೇರಿತು. ಗಾಡಿ ಹತ್ತಲು ಹೇಳಿದ್ದು ತಾನೇ ಎಂಬುದನ್ನೂ ಮರೆತ ಗುಮಾಸ್ತ, ಆಗತಾನೇ ಬಂದಿಳಿದ ಮಾವನನ್ನು ತಬ್ಬಿಕೊಂಡು, "ಧೈರ್ಯ ತಂದ್ಕೊಳ್ಳಿ! ಬೆಳಿಗ್ಗೆ ಚೆನ್ನಾಗೇ ಇದ್ರು ನಿಮ್ಮಳಿಯ!" ಎಂದು ಗೊಳೋ ಎಂದ. ಅಷ್ಟರಲ್ಲಿ ಹಿಂಬಾಗಿಲು ತೆರೆದು ಅಳಿಯ ತಾನೇ ಕೆಳಗಿಳಿದ. ಮಾವ ಎದೆ ಹಿಡಿದುಕೊಂಡು ಕುಸಿದರು.

ಆಸ್ಪತ್ರೆಗೆ ಒಯ್ಯಲು ಮನೆಯ ಕಾರು ಗ್ಯಾರೇಜಿನಲ್ಲಿ. ಮಾವನನ್ನು ಶವವಾಹನದಲ್ಲೇ ಮಲಗಿಸಿದರು. ಅಳಿಯ ದಾರಿಯುದ್ದಕ್ಕೂ ಅವರ ಪಾದ ಹಿಡಿದು, ಈ ಸಲ ಮಾವನಿಗಾಗಿಯೇ ಅತ್ತ.

ಡಾಕ್ಟರು ಪರೀಕ್ಷಿಸಿ, "ಬರೀ ಗಾಬರಿ, ಮನೆಗೆ ಕರ್ಕೊಂಡು ಹೋಗಿ" ಎಂದರು. ಮತ್ತೆ ಗಾಡಿಯಲ್ಲಿ ಮಲಗಿಸುವಾಗ ಮಾವ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ನನ್ನ ಕಾರೆಲ್ಲಿ?"

ಅಳಿಯ ಎಲ್ಲವನ್ನೂ ಹೇಳಿದ. ಚಾಲಕ ತಲೆ ಕೆರೆದುಕೊಂಡ. "ಫ್ರೀ ಟ್ರಿಪ್ ಮುಗೀತು ಸಾರ್. ವಾಪಸ್ ಕರ್ಕೊಂಡು ಹೋಗೋ ಅಭ್ಯಾಸ ಈ ಗಾಡಿಗಿಲ್ಲ. ಅದಕ್ಕೆ ಬೇರೆ ಚಾರ್ಜು."

"ಚಾರ್ಜು ಇವನ ಹತ್ರ ತಗೊಳ್ಳಪ್ಪ," ಮಲಗಿದ್ದಲ್ಲಿಂದಲೇ ಮಾವ ಅಂದರು, "ಇವನನ್ನ ಮಾತ್ರ ಇಲ್ಲೇ ಬಿಟ್ಟು ನಡಿ."