ಪಾತಾಳರಾಯರ ಅರ್ಜಿ

ಕಿಟಕಿ ಪಕ್ಕದ ಮೇಜು ಖಾಲಿಯಿದೆ, ಬೇಕಾದವರು ನಾಳೆ ಸಂಜೆ ನಾಲ್ಕರೊಳಗೆ ಒಂದು ಪುಟದ ಅರ್ಜಿ ಕೊಡಿ ಎಂದು ಕಚೇರಿಯ ಫಲಕದಲ್ಲಿ ಚೀಟಿ ಬಿದ್ದಿತ್ತು. ಮರುದಿನ ಪಾತಾಳರಾಯರು ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದರು. ಆರು ವರ್ಷದಿಂದ ಹಳೆಯ ಕಡತಗಳ ನಡುವೆ ಕೂತಿದ್ದ ಗುಮಾಸ್ತರಿಗೆ ಸಹೋದ್ಯೋಗಿಗಳೇ ಪ್ರೀತಿಯಿಂದ ಇಟ್ಟ ಹೆಸರದು. ಅಲ್ಲಿ ಹಗಲಲ್ಲೂ ದೀಪ ಬೇಕು. ಒಮ್ಮೆ ಕೆಮ್ಮಿದರೆ ಕಪಾಟುಗಳೂ ಜೊತೆಗೂಡಿ ಕೆಮ್ಮಿದಂತಾಗುತ್ತಿತ್ತು.

“ಈ ಸಲವೂ ಮೇಲೆ ಬರದಿದ್ರೆ ನಿಮ್ಮ ಎದೆ ಉಳಿಯಲ್ಲ ಕಣ್ರೀ,” ಎಂದು ಹೆಂಡತಿ ಬೆಳಗ್ಗೆ ಹೇಳಿಯೇ ಕಳಿಸಿದ್ದರು.

ಅರ್ಜಿಯಲ್ಲಿದ್ದದ್ದು ಮೂರೇ ಸಾಲು. ಇಲ್ಲಿ ಗಾಳಿಯಿಲ್ಲ. ನನಗೆ ಕೆಮ್ಮು. ಕಿಟಕಿ ಪಕ್ಕದ ಮೇಜು ಕೊಡಿ.

ಟೈಪಿಸ್ಟ್ ಅಕ್ಕ ಓದಿ ನಾಲಿಗೆ ಕಚ್ಚಿಕೊಂಡಳು. “ಗಾಳಿಯಿಲ್ಲ ಅಂದ್ರೆ ಸಾಹೇಬ್ರನ್ನೇ ದೂರಿದ ಹಾಗಾಗುತ್ತೆ ಅಣ್ಣ. ‘ಪ್ರಶಾಂತವಾಗಿದೆ’ ಅನ್ನಿ.”

ರಾಯರು ಬರೆದುಕೊಂಡರು.

ಕ್ಯಾಷಿಯರು ತಮ್ಮ ಡ್ರಾಯರಿನಿಂದ ಒಳ್ಳೆಯ ದಪ್ಪ ಕಾಗದ ತೆಗೆದುಕೊಟ್ಟರು. “ಕೆಮ್ಮು ಅಂತ ಬರೆದ್ರೆ ರಜೆ ಹಾಕಿ ಮನೇಲಿರಿ ಅಂತಾರೆ. ತೆಗೆದುಹಾಕಿ ಮಾರಾಯ್ರೆ.”

ಅದನ್ನೂ ತೆಗೆದದ್ದಾಯಿತು. ಊಟದ ಹೊತ್ತಿಗೆ ಹೆಡ್ ಗುಮಾಸ್ತರು ತಮ್ಮ ಡಬ್ಬಿಯನ್ನು ಬದಿಗಿಟ್ಟು ಪೆನ್ನು ಹಿಡಿದರು. “ಹಾಲು ಕರೆಯೋಕೆ ಮುಂಚೆ ಎಮ್ಮೆ ಬೆನ್ನು ಸವರಲ್ವೇನ್ರಿ? ನಾಲ್ಕು ಒಳ್ಳೆ ಮಾತಿರಲಿ.”

ಒಳ್ಳೆಯ ಮಾತುಗಳು ನಾಲ್ಕಕ್ಕೆ ನಿಲ್ಲಲಿಲ್ಲ. ನೆಲಮಾಳಿಗೆ ತಪೋವನವಾಯಿತು, ಕಡತಗಳು ಹಿರಿಯರಾದವು. ಏಳನೇ ಸಲ ಬರೆಯುವಾಗ ಕಾಗದ ಹಬ್ಬದ ಸೀರೆ ಉಟ್ಟಂತೆ ತುಂಬಿಹೋಯಿತು. ಕೊನೆಯ ಸಾಲಿಗೆ ಜಾಗವೇ ಇಲ್ಲ.

“ಮೇಜು ಎಲ್ಲಿ ಹೋಯ್ತು?” ಎಂದರು ರಾಯರು ಮೆಲ್ಲಗೆ.

“ಅದನ್ನ ಬಿಡಿಸಿ ಹೇಳಬಾರದು, ಓದಿದವರಿಗೆ ತಾನಾಗೇ ಹೊಳೀಬೇಕು,” ಎಂದರು ಹೆಡ್ ಗುಮಾಸ್ತರು. ಅಷ್ಟರಲ್ಲಿ ನಾಲ್ಕಕ್ಕೆ ಎರಡೇ ನಿಮಿಷ ಉಳಿದಿತ್ತು.

ಸಾಹೇಬರು ಓದುತ್ತ ಓದುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಕೂತ್ಕೊಳ್ಳಿ. ಇಲ್ಲಿ ತನಕ ಈ ಕಚೇರೀಲಿ ಎಲ್ಲರೂ ಬರೀ ದೂರು ತಂದವರೇ.”

“ಸಾರ್, ಅದರ ಭಾವಾರ್ಥ...” ಎನ್ನುವಷ್ಟರಲ್ಲಿ ಕೆಮ್ಮು ಬಂತು.

“ಗಂಟಲು ಕಟ್ಟಿದೆ ನಿಮಗೆ. ಗೊತ್ತಾಗುತ್ತೆ.” ಸಾಹೇಬರು ತಮ್ಮ ನೀರಿನ ಲೋಟವನ್ನೇ ಮುಂದೆ ಸರಿಸಿದರು. ಆಮೇಲೆ ಡ್ರಾಯರಿನಿಂದ ತಾವೇ ಬರೆದಿಟ್ಟಿದ್ದ ಹಾಳೆಯೊಂದನ್ನು ತೆಗೆದರು. “ನನ್ನಿಂದ ಎಂಥ ತಪ್ಪಾಗ್ತಿತ್ತು ನೋಡಿ. ನಿಮ್ಮ ಕೆಮ್ಮು ಇಲ್ಲೀತನಕ ಕೇಳಿಸುತ್ತಲ್ಲ, ಆ ಮೇಜು ನಿಮಗೇ ಅಂತ ನಿನ್ನೇನೇ ಆದೇಶ ಮಾಡಿಟ್ಟಿದ್ದೆ. ಅರ್ಜಿ ಕೇಳಿದ್ದು ನೆಪಕ್ಕೆ. ಇದನ್ನ ಓದಿದ ಮೇಲೆ ನಿಮ್ಮನ್ನ ಅಲ್ಲಿಂದ ಕೀಳೋಕೆ ಮನಸ್ಸು ಬರುತ್ತಾ?”

ಅವರು ‘ಕಿಟಕಿ ಪಕ್ಕದ ಮೇಜು’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ‘ನೆಲಮಾಳಿಗೆ, ನಿವೃತ್ತಿಯವರೆಗೆ’ ಎಂದು ಬರೆದು ಸಹಿ ಮಾಡಿದರು.

“ಸ್ವಲ್ಪ ಚಿತ್ತಾಯ್ತು. ನಿಮ್ಮ ಅಕ್ಷರ ಮುತ್ತಿನಂತಿದೆ, ನೀವೇ ಇದನ್ನ ಇನ್ನೊಂದ್ಸಲ ಚೆನ್ನಾಗಿ ಬರೆದು ತಂದುಬಿಡಿ.”